ಒಲೆಗೂ ಒಂದು ಗೇಟು



ನಮ್ಮ ಯಜಮಾನರು ನಿವೃತ್ತರಾದ ಮೇಲೆ ಇಬ್ಬರೂ ಡೊಂಬಿವಲಿಯಿಂದ ಕಾರಿನಲ್ಲೇ ಹೊರಟೆವು. ಅಣಶಿ, ಕುದುರೆಮುಖ, ನಾಗರಹೊಳೆ, ಬಂಡೀಪುರ: ನಾಲ್ಕು ರಾಷ್ಟ್ರೀಯ ಉದ್ಯಾನ. ಸ್ಟಿಯರಿಂಗ್ ಸರದಿಯಂತೆ ಇಬ್ಬರದೂ.

ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು. ಅದರ ನಡುವೆಯೇ ಕೇರಳ, ತಮಿಳುನಾಡಿನ ಹೆದ್ದಾರಿಗಳು. ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. ಹಾಗಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ವಿನಾಯಿತಿ.

ನಸುಕಿನಲ್ಲಿ ಲಾರಿಗಳ ಸಾಲಿನಲ್ಲಿ ಕಾಯುವಾಗ ಇವರಿಗೆ ಹೇಳಿದೆ: "ನೋಡಿ, ಕಾಡಿಗೂ ಒಂಬತ್ತು ತಾಸು ಬಿಡುವಿದೆ. ನಮ್ಮ ಅಡುಗೆಮನೆಗೆ?"

ಇವರು ನಕ್ಕರು, ಆದರೆ ಮರೆಯಲಿಲ್ಲ. ಈಗ ರಾತ್ರಿ 9ಕ್ಕೆ ನಮ್ಮ ಒಲೆಗೂ ಗೇಟು. ತಡವಾಗಿ ಬಂದವರು ತಾವೇ ಬಿಸಿಮಾಡಿಕೊಂಡು ಉಣ್ಣುತ್ತಾರೆ. ಕಾಯಿಲೆಯವರಿಗೆ ಮಾತ್ರ ವಿನಾಯಿತಿ!

ನೀವೂ ಹಾಕಿ ನೋಡಿ.