ಚೋಮ ಸಾಯ್ತಾನೆ, ಸಾಕವ್ವ ಬಯ್ತಾಳೆ

(ಚೌಳಹಿರಿಯೂರಿನಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹರೂಪ)



'ಚೋಮನ ಪಾತ್ರವನ್ನು ಚಿತ್ರಿಸಿ' ಅಂತ ಪ್ರಶ್ನೆ ಬಂದರೆ ಗೈಡಿನಲ್ಲಿ ಉತ್ತರ ಸಿದ್ಧವಾಗಿ ಕೂತಿರುತ್ತೆ. ಚೋಮ ಮುಗ್ಧ. ಚೋಮ ಶ್ರಮಜೀವಿ. ಚೋಮ ಶೋಷಿತರ ಪ್ರತೀಕ. ಬರೀರಿ, ಮಾರ್ಕು ತಗೊಳ್ರಿ, ಬೇಡ ಅನ್ನಲ್ಲ. ಆದರೆ 'ಪ್ರತೀಕ' ಅಂದ ಕೂಡಲೇ ಆ ಮನುಷ್ಯನ ಹಸಿವು, ಸಿಟ್ಟು, ಅವನು ಕುಡಿದ ಹೆಂಡದ ವಾಸನೆ ಎಲ್ಲಾ ಮಾಯ ಆಗುತ್ತೆ. ಪ್ರತೀಕಕ್ಕೆ ಹೊಟ್ಟೆ ಇರಲ್ಲ ಕಣ್ರಯ್ಯ.

ಪಾತ್ರ ಹಿಡಿಯೋಕೆ ನಾವು ಕಂಡುಕೊಂಡ ದಾರಿ ಬಹಳ ಸರಳ. ಇವನಿಗೆ ಏನು ಬೇಕು? ಅದನ್ನ ಸಿಗದ ಹಾಗೆ ಮಾಡೋರು ಯಾರು? ಈ ಎರಡು ಮಾತು ಕೇಳ್ತಾ ಹೋದರೆ ಕಥೆಯ ವಸ್ತು ತಾನಾಗೇ ಕೈಗೆ ಬರುತ್ತೆ.

ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡೋಣ. 1972ರ 'ಬಂಗಾರದ ಮನುಷ್ಯ'. ನಿರ್ದೇಶಕರು ಸಿದ್ಧಲಿಂಗಯ್ಯ. ನಮ್ಮ ಕವಿ ಸಿದ್ಧಲಿಂಗಯ್ಯನವರಲ್ಲ, ಇವರು ಪಕ್ಕದ ತರೀಕೆರೆಯಲ್ಲಿ ಹುಟ್ಟಿದ ಸಿನಿಮಾದ ಸಿದ್ಧಲಿಂಗಯ್ಯನವರು. ಇನ್ನೊಂದು 1975ರ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ರಾಷ್ಟ್ರದ ಸ್ವರ್ಣಕಮಲ ಪಡೆದ ಚಿತ್ರ. ಮೊದಲನೆಯದರಲ್ಲಿ ರಾಜಕುಮಾರ್ ಮಾಡಿದ ರಾಜೀವ, ಎರಡನೆಯದರಲ್ಲಿ ವಾಸುದೇವರಾವ್ ಮಾಡಿದ ಚೋಮ. ಇಬ್ಬರಿಗೂ ಬೇಕಾಗಿದ್ದು ಒಂದೇ: ಭೂಮಿ. ರಾಜೀವ ಬಂಡೆಗಲ್ಲಿನ ಬರಡು ನೆಲ ಹಿಡಿದು ಬಂಗಾರ ಬೆಳೀತಾನೆ. ಅದನ್ನ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಹೋಗ್ತೀವಿ ಅಂದ ಹುಡುಗರಿದ್ದರು. ಅವನಿಗೆ ಅಡ್ಡ ಬಂದದ್ದು ಕಲ್ಲು. ಕಲ್ಲನ್ನ ಒಡೀಬಹುದು. ಚೋಮನ ಹತ್ತಿರ ಎತ್ತಿನ ಜೋಡಿಯೇ ಇದೆ, ಉಳೋಕೆ ನೆಲ ಇಲ್ಲ. ಅವನಿಗೆ ಅಡ್ಡ ಬಂದದ್ದು ಕಲ್ಲಲ್ಲ, ಜಾತಿ. ಒಬ್ಬನದು ಛಲದ ಕಥೆ ಆಗುತ್ತೆ, ಇನ್ನೊಬ್ಬನದು ಗೋಳಿನ ಕಥೆ ಆಗುತ್ತೆ. ಇಬ್ಬರ ಛಲದಲ್ಲಿ ಏನು ಕಮ್ಮಿ ಇತ್ತು ಹೇಳ್ರಿ?

ಚೋಮನ ಧಣಿ ಸಂಕಪ್ಪಯ್ಯನನ್ನ ಗಮನಿಸಿ. ಅವನು ಕ್ರೂರಿಯಲ್ಲ. ಮೀಸೆ ತಿರುವಿ ಚಾಟಿ ಬೀಸೋ ವಿಲನ್ ಅಲ್ಲ. ಅವನ ಮನಸ್ಸೇನೋ ಕರಗುತ್ತೆ, ಆದರೆ ಮನೆಯೊಳಗಿನ ತಾಯಿ ಒಪ್ಪಲ್ಲ, ಹಿಂದಿನಿಂದ ಬಂದ ಪದ್ಧತಿ ಒಪ್ಪಲ್ಲ. ಒಳ್ಳೇತನ ಅಂಗಳದವರೆಗೆ ಬಂದು ನಿಂತುಬಿಡುತ್ತೆ. ಕೆಟ್ಟ ಧಣಿಯನ್ನ ತೋರಿಸಿದ್ದಿದ್ದರೆ 'ಇವನೊಬ್ಬ ಕೆಟ್ಟವನು' ಅಂತ ನೋಡುಗರು ಕೈ ತೊಳ್ಕೊಂಡು ಮನೆಗೆ ಹೋಗ್ತಿದ್ದರು. ಒಳ್ಳೆ ಧಣಿ ಇದ್ದೂ ನೆಲ ಸಿಗಲಿಲ್ಲ ಅಂದಾಗ ಯಾರನ್ನ ಬಯ್ಯೋದು? ಈ ಕಥೆಯ ಜೀವ ಇರೋದೇ ಇಲ್ಲಿ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದು ಬರೆದ ತೇಜಸ್ವಿಯವರ 'ತಬರನ ಕಥೆ'ಯೂ ಹೀಗೇ. ಪೆನ್ಷನ್ನಿಗೆ ಅಲೆಯೋ ತಬರನನ್ನ ಕೆಡಿಸಿದ್ದು ಒಬ್ಬ ದುಷ್ಟ ಅಲ್ಲ, ಮೇಜಿನಿಂದ ಮೇಜಿಗೆ ತೆವಳೋ ಫೈಲು.

ಇನ್ನೊಂದು ಮಾತು, ಗೈಡಿನಲ್ಲಿ ಸಿಗದ್ದು. ಕಥೆ ಹುಟ್ಟಿದ ಕಾಲವನ್ನೂ ಸಿನಿಮಾ ಬಂದ ಕಾಲವನ್ನೂ ಕೂಡಿಸಿ ನೋಡಬೇಕು. ಕಾದಂಬರಿ 1930ರ ದಶಕದ್ದು. ಸಿನಿಮಾ 1975ರದ್ದು. ಅದಕ್ಕೆ ಒಂದು ವರ್ಷ ಮುಂಚೆ, 1974ರಲ್ಲಿ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಉಳುವ ನೆಲ ಕೇಳಿದರು. ಚೋಮ ಆ ದಿನ ತಾಲ್ಲೂಕು ಕಛೇರಿಗೆ ಬಂದಿದ್ದರೆ ಯಾವ ಫಾರಂ ತುಂಬಬೇಕಿತ್ತು? ಅವನು ಗೇಣಿದಾರನೂ ಅಲ್ಲ, ಜೀತದವನು. ಉಳೋ ಹಕ್ಕೇ ಇಲ್ಲದವನು 'ಉಳುವವನು' ಹೇಗಾಗ್ತಾನೆ? ಅದೇ 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಹಳೇ ಕಥೆ ಅಂತ ನೋಡಲು ಕೂತವರ ಮುಂದೆ ಆ ವರ್ಷದ ಪತ್ರಿಕೆಯೇ ಪರದೆ ಮೇಲೆ ಬಂದ ಹಾಗೆ.

ಈಗ ಬೆಳ್ಳಿ. ಚೋಮನ ಮಗಳು. ಅವಳ ಬಗ್ಗೆ ಹೆಚ್ಚು ಹೇಳಬೇಕು, ಯಾಕಂದರೆ ಯಾರೂ ಹೇಳಲ್ಲ.

ಸಾಲ ತೀರಿಸೋಕೆ ಚೋಮನ ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗ್ತಾರೆ. ಒಬ್ಬ ಕಾಯಿಲೆ ಬಂದು ಸಾಯ್ತಾನೆ. ಇನ್ನೊಬ್ಬ ಕ್ರೈಸ್ತರ ಹುಡುಗಿಯನ್ನ ಮದುವೆಯಾಗಿ ಅಲ್ಲೇ ಉಳೀತಾನೆ. ಆಮೇಲೆ ಬೆಳ್ಳಿಯೂ ತೋಟ ಹತ್ತುತ್ತಾಳೆ. ರೈಟರ್ ಮನ್ವೇಲನ ಮಾತಿಗೆ ಸೋಲ್ತಾಳೆ, ತೋಟದ ಒಡೆಯನ ಕೈಗೆ ಸಿಗ್ತಾಳೆ. ಸಾಲ ವಜಾ. ಗಂಡಸರ ಬೆವರಿಗೆ ತೀರದ ಸಾಲ ಅವಳ ಮೈಯಿಂದ ತೀರಿತು. ಕಾಫಿ ಕುಯ್ಯೋಕೆ ಘಟ್ಟ ಹತ್ತೋದು ಏನು ಅಂತ ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಲ ಹೇಗೆ ತೀರಿತು ಅಂತ ಚೋಮ ಕೇಳಿ ತಿಳಿಯಲ್ಲ. ಮುಂದೆ ಒಂದು ದಿನ ಮನ್ವೇಲನ ಜೊತೆ ಅವಳನ್ನ ಕಂಡಾಗ ಹೊಡೆದು ಹೊರಗೆ ಹಾಕ್ತಾನೆ. ಎತ್ತುಗಳನ್ನ ಅಟ್ಟಿ, ಬಾಗಿಲು ಹಾಕ್ಕೊಂಡು, ದುಡಿ ಬಾರಿಸ್ತಾ ಪ್ರಾಣ ಬಿಡ್ತಾನೆ. ನಾವು ಅಳ್ತೀವಿ. ಯಾರಿಗೆ? ಚೋಮನಿಗೆ. ಹೊರಗೆ ನಿಂತ ಬೆಳ್ಳಿ ಎಲ್ಲಿ ಹೋದಳು? ಅವಳಿಗೆ ಏನು ಬೇಕಿತ್ತು? ಕಥೆ ಅವಳನ್ನ ಕೇಳಲ್ಲ. ಅಪ್ಪನ ಮಾನ ಹೋದ ದುಃಖ ದೊಡ್ಡದಾಗಿ ಕಾಣುತ್ತೆ, ಮಗಳ ಮೈಮೇಲೆ ಹೋದದ್ದು ಸಣ್ಣದಾಗುತ್ತೆ. ನಮ್ಮ ಪ್ರಕಾರ ಆ ಕಥೆಯ ನಡುಗಂಬ ಬೆಳ್ಳಿ. ದುಡಿಯ ಸದ್ದಿನಲ್ಲಿ ಅವಳ ದನಿ ಕೇಳಿಸಲ್ಲ.

ಹಾಗಂತ 'ಚೋಮನ ದುಡಿ' ಬೂಸಾ ಅಂತ ನಾವು ಅನ್ನಲ್ಲ. (ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂತ 1973ರಲ್ಲಿ ಅಂದ ಬಸವಲಿಂಗಪ್ಪನವರು ಮಂತ್ರಿಗಿರಿ ಕಳಕೊಂಡರು, ಹಾಸ್ಟೆಲಿನ ಹುಡುಗರು ಏಟು ತಿಂದರು. ಸಾಹಿತ್ಯ ವಿಮರ್ಶೆಗೆ ಅಷ್ಟು ಬೆಲೆ ತೆತ್ತವರು ನಾವು!) ದೊಡ್ಡ ಮನಸ್ಸಿನ ಕೃತಿ ಅದು. ಆದರೆ ಬೇಲಿಯ ಆ ಕಡೆ ನಿಂತು ನೋಡಿದ ಕೃತಿ. ಆ ಕಡೆಯಿಂದ ನಮ್ಮ ಕಣ್ಣೀರು ಚೆನ್ನಾಗಿ ಕಾಣುತ್ತೆ. ನಗು ಕಾಣಲ್ಲ.

ನಗು ಬೇಕಾದರೆ ದೇವನೂರ ಮಹಾದೇವರ 'ಒಡಲಾಳ' ಓದ್ರಿ. ಸಾಕವ್ವನ ಹುಂಜ ಕಳೆದುಹೋಗಿದೆ. ಕಥೆ ಶುರುವಾಗೋದು ಅಷ್ಟರಿಂದಲೇ. ಆ ಮುದುಕಿಗೆ ಭೂಮಿ ಬೇಡ, ಮೋಕ್ಷ ಬೇಡ, ಹುಂಜ ಬೇಕು. ಕೇರಿಯೆಲ್ಲಾ ಹುಡುಕ್ತಾಳೆ, ಸಿಕ್ಕಿದವರನ್ನ ಬಯ್ತಾಳೆ. ಮನೆಗೆ ಎತ್ತಪ್ಪನವರ ಕಡೆಯಿಂದ ಕದ್ದ ಕಳ್ಳೇಕಾಯಿ ಬರುತ್ತೆ. ರಾತ್ರಿ ಬೆಂಕಿ ಸುತ್ತ ಕೂತು ಮಕ್ಕಳು ಮರಿ ಎಲ್ಲಾ ತಿಂದು ಮುಗಿಸ್ತಾರೆ. ಬೆಳಗಾದರೆ ಪೊಲೀಸರು. ಪುಟ್ಟಗೌರಿ ಗೋಡೆ ಮೇಲೆ ಬರೆದ ನವಿಲು ಇದೆಲ್ಲವನ್ನೂ ನೋಡ್ತಾ ಇದೆ. ಇವರು ಮುಗ್ಧರಾ? ಕದ್ದದ್ದು ತಿಂದಿದ್ದಾರೆ. ಕೆಟ್ಟವರಾ? ಹಂಗಂತ ಹೇಳೋಕೆ ನಾಲಿಗೆ ಬರಲ್ಲ, ಯಾಕಂದರೆ ಆ ರಾತ್ರಿ ನಾವೂ ಅವರ ಜೊತೆ ಕೂತು ಸಿಪ್ಪೆ ಬಿಡಿಸಿದ್ದೀವಿ. ಗೈಡು ಬರೆಯೋನಿಗೆ ಈ ಮನೆಯಲ್ಲಿ ಒಂದು 'ಪ್ರತೀಕ'ವೂ ಸಿಗಲ್ಲ, ಪಾಪ.

ಅವರದೇ 'ದ್ಯಾವನೂರು' ಸಂಕಲನದ (1973) 'ಅಮಾಸ' ಕಥೆಯ ಹುಡುಗನಿಗೆ ಆ ಹೆಸರು ಬಂದದ್ದು ಅಮಾವಾಸ್ಯೆ ದಿನ ಹುಟ್ಟಿದ್ದಕ್ಕೆ ಇರಬಹುದು. ಬೇರೆಯವರು ಬರೆದಿದ್ದರೆ ಆ ಕತ್ತಲನ್ನ ಹಿಡ್ಕೊಂಡು ಹತ್ತು ಪುಟ ಗೋಳಾಡ್ತಿದ್ದರು. ಇಲ್ಲಿ ಅದು ಬರೀ ಹೆಸರು, ನಮ್ಮ ಕೇರಿಗಳಲ್ಲಿ ಇರೋ ಹೆಸರುಗಳ ಹಾಗೆ.

ಸಿನಿಮಾದಲ್ಲಿ ಈ ಕಡೆಯಿಂದ ನೋಡೋ ಕಣ್ಣು ಬರೋಕೆ ಬಹಳ ತಡವಾಯ್ತು. 2013ರ ಮರಾಠಿ 'ಫಂಡ್ರಿ', ನಾಗರಾಜ ಮಂಜುಳೆ ಮಾಡಿದ್ದು, ಫೋನಿನಲ್ಲಾದರೂ ಹುಡುಕಿ ನೋಡ್ರಿ. ಶಾಲೆಗೆ ಹೋಗೋ ಜಬ್ಯಾನಿಗೆ ಒಬ್ಬ ಹುಡುಗಿ ಮೇಲೆ ಮನಸ್ಸು. ಅವಳ ಕಣ್ಣೆದುರೇ ಅವನ ಮನೆಯವರು ಹಂದಿ ಹಿಡೀಬೇಕು. ಊರು ನಿಂತು ನಗುತ್ತೆ. ಕೊನೆಗೆ ಅವನು ಎಸೆದ ಕಲ್ಲು ನೇರ ಕ್ಯಾಮೆರಾ ಕಡೆಗೆ, ಅಂದರೆ ನೋಡ್ತಾ ಕೂತವರ ಮುಖಕ್ಕೇ ಬರುತ್ತೆ. ಚೋಮ ಬಾಗಿಲು ಹಾಕ್ಕೊಂಡ, ಜಬ್ಯಾ ಕಲ್ಲು ಎತ್ಕೊಂಡ. ಮಧ್ಯೆ 38 ವರ್ಷ ಕಳೆದಿತ್ತು.

ಮಾತು ಸಾಕು. ಈಗ ದೀಪ ಆರಿಸಿ 'ಚೋಮನ ದುಡಿ' ಹಾಕ್ತೀವಿ. ಕಪ್ಪು ಬಿಳುಪು ಚಿತ್ರ, ನಿಧಾನ ಇದೆ, ಶಿಳ್ಳೆ ಹೊಡೀಬೇಡಿ. ಚೋಮನ ಮಗ ಹೊಳೆಯಲ್ಲಿ ಮುಳುಗೋವಾಗ ನೀರನ್ನ ನೋಡ್ಬೇಡಿ, ಮುಟ್ಟಿದರೆ ಮೈಲಿಗೆ ಅಂತ ಸುಮ್ಮನೆ ನಿಂತವರನ್ನ ನೋಡ್ರಿ. ಮುಗಿದ ಮೇಲೆ ಊಟಕ್ಕೆ ಮುಂಚೆ ಅರ್ಧ ಗಂಟೆ ಚರ್ಚೆ. ಬೆಳ್ಳಿ ಬಗ್ಗೆ ಹೆಣ್ಣುಮಕ್ಕಳು ಮೊದಲು ಮಾತಾಡಲಿ, ಗಂಡುಹುಡುಗರು ಆಮೇಲೆ.