ಮಕ್ಕಳ ಕೈಯಲ್ಲಿ ಮೊಬೈಲ್: ಕಲಿಕೆಗೆ ನೆರವಾಗುವ ಜಾಲತಾಣಗಳು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ನಾನು ಸಂಘಗಳಿಗೆ ಬಂದರೆ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ, ಹಸಿರು ಮೇವು ಎಂದು ಮಾತನಾಡುವುದು ವಾಡಿಕೆ. ಇಂದಿನ ವಿಷಯ ಬೇರೆ. ರಾಸುಗಳ ತಪಾಸಣೆಗೆಂದು ಮನೆಗಳಿಗೆ ಹೋದಾಗ, ಹಸುವಿನ ತೊಂದರೆ ಹೇಳಿ ಮುಗಿಸಿದ ಮೇಲೆ ತಾಯಂದಿರು ಇನ್ನೊಂದು ತೊಂದರೆ ಹೇಳುತ್ತಾರೆ: "ಸಾರ್, ಹುಡುಗ ಮೊಬೈಲ್ ಕೆಳಗಿಡೋದೇ ಇಲ್ಲ, ಏನ್ ಮಾಡೋದು?" ಇದಕ್ಕೆ ಚುಚ್ಚುಮದ್ದು ನನ್ನ ಪೆಟ್ಟಿಗೆಯಲ್ಲಿಲ್ಲ. ಆದರೂ ಒಂದು ಮಾತು ಹೇಳಬಲ್ಲೆ. ದನಕ್ಕೆ ಹಸಿವಾದಾಗ ಒಳ್ಳೆಯ ಮೇವು ಎದುರಿಗಿಲ್ಲದಿದ್ದರೆ ಅದು ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಮಕ್ಕಳ ಕುತೂಹಲವೂ ಒಂದು ಹಸಿವೇ. ಫೋನಿನಲ್ಲಿ ಒಳ್ಳೆಯ ಮೇವು ಎಲ್ಲಿದೆ ಎಂದು ತೋರಿಸುವವರು ಬೇಕು.

2020 ಮತ್ತು 2021ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ಎಷ್ಟೋ ಮನೆಗಳಲ್ಲಿ ಸಾಲ ಮಾಡಿಯಾದರೂ ದೊಡ್ಡ ಫೋನ್ ಕೊಂಡರು. ಶಾಲೆ ತೆರೆಯಿತು, ಫೋನ್ ಮನೆಯಲ್ಲೇ ಉಳಿಯಿತು. ಬಟವಾಡೆ ಹಣ ಜಮೆಯಾದ ಸಂದೇಶ ಬರುವುದೂ ಅದಕ್ಕೇ, ಮಕ್ಕಳು ಕುಣಿತದ ತುಣುಕುಗಳನ್ನು ನೋಡುವುದೂ ಅದರಲ್ಲೇ. ಕಾಸು ಕೊಟ್ಟು ಹಾಕಿಸಿದ ಡೇಟಾ ಹೇಗೂ ಖರ್ಚಾಗುತ್ತದೆ. ಅದರಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕಲಿಕೆಗೆ ಹೋಗಲಿ ಎಂಬುದು ನನ್ನ ಕೋರಿಕೆ. ನಾನು ಹೇಳಲಿರುವ ತಾಣಗಳೆಲ್ಲ ಉಚಿತ.

ಮೊದಲು ಶಾಲೆಯ ಪಾಠದ ವಿಷಯ. ಮಕ್ಕಳ ಪಠ್ಯಪುಸ್ತಕದಲ್ಲಿ ಪಾಠಗಳ ಪಕ್ಕ ಕಪ್ಪು ಬಿಳುಪಿನ ಚೌಕಾಕಾರದ ಗುರುತು ಇರುವುದನ್ನು ನೋಡಿರಬಹುದು. ಅಂಗಡಿಯಲ್ಲಿ ಹಣ ಕಟ್ಟಲು ತೋರಿಸುವಂಥದ್ದೇ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ದೀಕ್ಷಾ' ಎಂಬ ಆ್ಯಪ್ ಹಾಕಿಕೊಂಡು ಆ ಗುರುತಿಗೆ ಫೋನ್ ಹಿಡಿದರೆ, ಆ ಪಾಠಕ್ಕೆ ಸೇರಿದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ತೆರೆಯುತ್ತವೆ. ಪುಸ್ತಕ ಹರಿದು ಗುರುತು ಮಾಸಿದ್ದರೆ ಅದರ ಕೆಳಗಿನ ಆರು ಅಕ್ಷರಗಳ ಸಂಕೇತವನ್ನು ಒತ್ತಿದರೂ ಸಾಕು. ಮೇಷ್ಟ್ರು ಪಾಠ ಮಾಡಿದ ದಿನ ಹಸು ಕರು ಹಾಕಿತೆಂದು ಶಾಲೆ ತಪ್ಪಿಸಿದ ಮಗುವಿಗೆ ಇದು ಆಸರೆ. ಎಲ್ಲ ಪಾಠದ ವಿಡಿಯೊಗಳೂ ಚೆನ್ನಾಗಿವೆ ಎಂದು ಹೇಳಲಾರೆ. ಕೆಲವು ನೀರಸವಾಗಿವೆ. ಆದರೆ ನಮ್ಮ ಪಠ್ಯಕ್ಕೆ ಹೊಂದಿಸಿ ಮಾಡಿದ್ದು ಎಂಬ ಭರವಸೆ ಇದೆ.

ಓದಲು ತಡವರಿಸುವ ಮಕ್ಕಳಿಗೆ ನಾನು ಹೇಳುವುದು 'ಸ್ಟೋರಿವೀವರ್'. ಬೆಂಗಳೂರಿನ ಪ್ರಥಮ್ ಬುಕ್ಸ್ ಎಂಬ ಲಾಭರಹಿತ ಸಂಸ್ಥೆ 2015ರಲ್ಲಿ ಇದನ್ನು ತೆರೆಯಿತು. ಬಣ್ಣದ ಚಿತ್ರಗಳಿರುವ ನೂರಾರು ಕನ್ನಡ ಕಥೆಪುಸ್ತಕಗಳು ಇಲ್ಲಿವೆ. ಒಂದು ಪುಟಕ್ಕೆ ಒಂದೇ ಸಾಲಿರುವ ಮೊದಲ ಹಂತದಿಂದ ದೊಡ್ಡ ಕಥೆಗಳ ನಾಲ್ಕನೆಯ ಹಂತದವರೆಗೆ ವಿಂಗಡಿಸಿದ್ದಾರೆ. ಐದನೇ ತರಗತಿಯ ಮಗು ಮೊದಲ ಹಂತದಿಂದ ಓದಲು ಶುರು ಮಾಡಿದರೆ ನಾಚಿಕೆ ಪಡಬೇಕಾಗಿಲ್ಲ. ಸಂಜೆ ಹಾಲು ಕರೆಯುವಾಗ ಮಗು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಒಂದು ಕಥೆ ಓದಲಿ, ಅಜ್ಜಿಯೂ ಕೇಳಲಿ. ಹಸುವೂ ಬೇಡ ಎನ್ನುವುದಿಲ್ಲ. ಗಲಾಟೆ, ಗದರಿಕೆ ಇದ್ದರೆ ತೊರೆ ಬಿಡಲು ತಡೆಯುವ ಪ್ರಾಣಿ ಅದು, ಪರಿಚಿತ ದನಿಗೆ ಬೆದರುವುದಿಲ್ಲ.

ಕೈ ಸುಮ್ಮನಿರದ ಮಕ್ಕಳಿರುತ್ತಾರೆ. ಗಡಿಯಾರ ಬಿಚ್ಚುವವರು, ಪಂಪ್‌ಸೆಟ್ಟಿನ ಹತ್ತಿರ ಸುಳಿಯುವವರು. ಅವರಿಗೆ ಅರವಿಂದ ಗುಪ್ತ ಅವರ ತಾಣ ತೋರಿಸಿ. ಕಾನ್ಪುರದ ಐಐಟಿಯಲ್ಲಿ ಓದಿದ ಇಂಜಿನಿಯರ್ ಇವರು. 1970ರ ದಶಕದಲ್ಲಿ ಮಧ್ಯಪ್ರದೇಶದ ಹೊಷಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದವರು ಕಸದಿಂದ ಆಟಿಕೆ ಮಾಡುವುದನ್ನೇ ಬದುಕಾಗಿಸಿಕೊಂಡರು. 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರು, ಇಷ್ಟರಲ್ಲೇ ಅವರು ರೇಖಾಗಣಿತ ಕಲಿಸುತ್ತಾರೆ. ಕಡ್ಡಿಗಳನ್ನು ಟ್ಯೂಬಿನ ಚೂರಿನಿಂದ ಜೋಡಿಸಿ ಚೌಕ ಮಾಡಿದರೆ ಒತ್ತಿದ ಕೂಡಲೇ ವಾಲುತ್ತದೆ, ತ್ರಿಕೋನ ಮಾಡಿದರೆ ಅಲುಗುವುದಿಲ್ಲ. ಕೊಟ್ಟಿಗೆಯ ಚಾವಣಿಗೆ ಬಡಗಿ ಏಕೆ ತ್ರಿಕೋನದ ಕಟ್ಟು ಕೊಡುತ್ತಾನೆ ಎಂದು ಮಗು ಆಮೇಲೆ ತಾನೇ ತಲೆ ಎತ್ತಿ ನೋಡುತ್ತದೆ. ತಾಣದಲ್ಲಿ ಮಾತು ಇಂಗ್ಲಿಷ್, ಹಿಂದಿಯಲ್ಲಿ ಹೆಚ್ಚು. ಆದರೆ ಕೈಯ ಕೆಲಸ ನೋಡಲು ಭಾಷೆಯೇನೂ ಅಡ್ಡಿಯಲ್ಲ.

ಈಗ ನಮ್ಮ ಡೇರಿಗೇ ಬರೋಣ. ದಿನಾ ಹಾಲು ಹಾಕುವಾಗ ಲ್ಯಾಕ್ಟೋಮೀಟರ್ ಬಿಡುವುದನ್ನು ಮಕ್ಕಳು ನೋಡಿರುತ್ತಾರೆ. ಅದು ಏಕೆ ತೇಲುತ್ತದೆ, ನೀರು ಬೆರೆಸಿದರೆ ಏಕೆ ಹೆಚ್ಚು ಮುಳುಗುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳುತ್ತೇವೆ? ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ ತಾಣವಿದೆ. ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಕಾರ್ಲ್ ವೀಮನ್ ಇದನ್ನು 2002ರಲ್ಲಿ ಆರಂಭಿಸಿದರು. ಪ್ರಯೋಗಶಾಲೆಯಲ್ಲಿ ಮಾಡುವ ಪ್ರಯೋಗಗಳನ್ನು ಇದರಲ್ಲಿ ಪರದೆಯ ಮೇಲೆ ಬೆರಳಿನಿಂದ ಮಾಡಬಹುದು, ಕೆಲವು ಕನ್ನಡಕ್ಕೂ ಬಂದಿವೆ. ಅದರಲ್ಲಿ ಸಾಂದ್ರತೆಯ ಪ್ರಯೋಗವನ್ನು ತೆರೆಯಿರಿ. ಒಂದೇ ಗಾತ್ರದ ಬೇರೆ ಬೇರೆ ತೂಕದ ದಿಮ್ಮಿಗಳನ್ನು ನೀರಿನ ತೊಟ್ಟಿಗೆ ಬಿಟ್ಟು ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಮಗು ನೋಡಬಹುದು.

ನೋಡಿದ ಮೇಲೆ ಫೋನ್ ಬದಿಗಿಟ್ಟು ಮನೆಯಲ್ಲೇ ಮಾಡಲಿ. ಎಳನೀರು ಕುಡಿಯುವ ಕೊಳವೆಯ ಒಂದು ತುದಿಗೆ ಮೇಣ ತುಂಬಿ, ಒಳಗೆ ಸ್ವಲ್ಪ ಮರಳು ಹಾಕಿದರೆ ಅದು ಎತ್ತರದ ಲೋಟದ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಎಲ್ಲಿಯವರೆಗೆ ಮುಳುಗಿತೋ ಅಲ್ಲಿಗೆ ಗೆರೆ ಹಾಕಿ. ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿದ್ದ ಕೊಳವೆ ಹಾಲಿನಲ್ಲಿ ಸುಮಾರು 3 ಮಿಲಿಮೀಟರ್ ಮೇಲೇರುತ್ತದೆ. ಇಷ್ಟೇ ಇಷ್ಟು ವ್ಯತ್ಯಾಸ. ಲ್ಯಾಕ್ಟೋಮೀಟರ್ 30 ತೋರಿಸಿತು ಎಂದರೆ, ನೀರಿನ ಸಾಂದ್ರತೆ 1 ಇದ್ದರೆ ಆ ಹಾಲಿನದು 1.030 ಎಂದರ್ಥ. ಮೂರು ಪಾಲು ಹಾಲಿಗೆ ಒಂದು ಪಾಲು ನೀರು ಸೇರಿದರೆ ಓದು 22ರ ಆಸುಪಾಸಿಗೆ ಇಳಿಯುತ್ತದೆ, ಅರ್ಧಕ್ಕರ್ಧ ಸೇರಿದರೆ 15ಕ್ಕೆ. ಹಾಲು ಕರೆದ ಕೂಡಲೇ ಬಿಸಿ ಇದ್ದಾಗ ನೋಡಿದರೆ ಓದು ಸ್ವಲ್ಪ ಕಡಿಮೆ ಬರುತ್ತದೆ, ಅದು ಕಲಬೆರಕೆಯಲ್ಲ.

ಇನ್ನೊಂದು ಸ್ವಾರಸ್ಯವಿದೆ. ಜಿಡ್ಡು ನೀರಿಗಿಂತ ಹಗುರ. ಆದ್ದರಿಂದ ಕೆನೆ ತೆಗೆದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಓದು ಏರುತ್ತದೆ! ಕೆನೆ ತೆಗೆದು, ಮೇಲೆ ನೀರು ಸುರಿದರೆ ಓದು ಮತ್ತೆ ಸರಿಯಾಗಿಯೇ ಕಾಣಬಹುದು. ಹಾಗಾಗಿ ಸಂಘದಲ್ಲಿ ಬರೀ ಲ್ಯಾಕ್ಟೋಮೀಟರ್ ನಂಬದೆ ಜಿಡ್ಡನ್ನೂ ಅಳೆಯುತ್ತಾರೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ದೇ ನಿಮ್ಮ ಚೀಟಿಯಲ್ಲಿರುವ ಎಸ್.ಎನ್.ಎಫ್. ಇಷ್ಟು ತಿಳಿದ ಮಗು ಮನೆಯಲ್ಲಿದ್ದರೆ, ಪರೀಕ್ಷಕರ ಮೇಲೆ ಸುಮ್ಮನೆ ಅನುಮಾನ ಪಡುವುದೂ ತಪ್ಪುತ್ತದೆ, ನಿಜವಾಗಿ ಲೆಕ್ಕ ತಪ್ಪಿದ್ದರೆ ಕೇಳುವ ಧೈರ್ಯವೂ ಬರುತ್ತದೆ.

ಶೇಕಡಾ ಲೆಕ್ಕ ಬಾರದ ಮಕ್ಕಳಿಗೆ 'ಖಾನ್ ಅಕಾಡೆಮಿ' ಇದೆ. ಸಲ್ಮಾನ್ ಖಾನ್ ಎಂಬುವರು (ಸಿನಿಮಾದವರಲ್ಲ) 2004ರಲ್ಲಿ ದೂರದ ಊರಿನಲ್ಲಿದ್ದ ಸೋದರ ಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ಹೋಗಿ ಬೆಳೆದ ಸಂಸ್ಥೆ ಇದು. ಗಣಿತದ ಪಾಠಗಳು ಕನ್ನಡದಲ್ಲೂ ಇವೆ. ಅರ್ಥವಾಗದಿದ್ದರೆ ಹತ್ತು ಸಲ ಹಿಂದಕ್ಕೆ ಓಡಿಸಿ ಕೇಳಬಹುದು, ಅದು ಬೇಸರಪಡುವುದಿಲ್ಲ. ಕಲಿತ ಮೇಲೆ ನಿಮ್ಮ ಹಾಲಿನ ಚೀಟಿಯನ್ನೇ ಮಗುವಿನ ಮುಂದಿಡಿ. 10 ಕಿಲೋ ಹಾಲು, ಜಿಡ್ಡು ಶೇಕಡಾ 3.5. ಹಾಗಾದರೆ ಅದರಲ್ಲಿ ಜಿಡ್ಡು ಎಷ್ಟು ಗ್ರಾಂ? 350 ಎಂದು ಹೇಳಿದರೆ ಪಾಠ ತಲೆಗೆ ಹತ್ತಿದೆ.

ಪದಗಳ ಅರ್ಥಕ್ಕೆ 'ಅಲರ್' ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಇದೆ. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳನ್ನು ಸಿದ್ಧಪಡಿಸಿದರು. 2019ರಿಂದ ಅದು ಎಲ್ಲರಿಗೂ ಉಚಿತ. ಸಾಮಾನ್ಯ ಜ್ಞಾನಕ್ಕೆ ಕನ್ನಡ ವಿಕಿಪೀಡಿಯ. ಇದನ್ನು ಬರೆಯುವವರು ನಮ್ಮ ನಿಮ್ಮಂಥವರೇ, ಯಾರು ಬೇಕಾದರೂ ತಿದ್ದಬಹುದು. ಅದೇ ಅದರ ಬಲ, ಅದೇ ಕೊರತೆ. ಲೇಖನದ ಕೆಳಗೆ ಆಧಾರಗಳನ್ನು ಕೊಟ್ಟಿದ್ದಾರೆಯೇ ಎಂದು ನೋಡುವ ಅಭ್ಯಾಸ ಮಕ್ಕಳಿಗೆ ಬರಬೇಕು. ಹಳ್ಳಿಕಾರ್, ಅಮೃತ್ ಮಹಲ್, ಮಲೆನಾಡು ಗಿಡ್ಡ, ಕೃಷ್ಣಾ ಕಣಿವೆ ತಳಿಗಳ ವಿವರ ಬೇಕಾದರೆ ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆಯ ತಾಣದಲ್ಲಿ ನೋಂದಾಯಿತ ತಳಿಗಳ ಪಟ್ಟಿಯೇ ಇದೆ, ಇಂಗ್ಲಿಷಿನಲ್ಲಿ. ಪ್ರೌಢಶಾಲೆಯ ಮಕ್ಕಳು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಂದೇ ಏಟಿಗೆ ಎರಡು ಕಲಿಕೆ.

ಈಗ ಬಹಳ ಮುಖ್ಯವಾದ ಮಾತು. ಹೇಳುತ್ತಿರುವವರು ಯಾರು ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿ, ನಾವೂ ಕಲಿಯೋಣ. 2022ರಲ್ಲಿ ಚರ್ಮಗಂಟು ರೋಗ ಬಂದಾಗ, ಹಾಲು ಕುಡಿದರೆ ಮನುಷ್ಯರಿಗೂ ರೋಗ ಬರುತ್ತದೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಆ ರೋಗ ದನಗಳಲ್ಲಿ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಹಾಲು ಮಾರಿ ಬದುಕುವ ನಾವೇ ಆ ಸಂದೇಶವನ್ನು ಮುಂದಕ್ಕೆ ಕಳಿಸಿದರೆ ನಮ್ಮ ಅನ್ನಕ್ಕೆ ನಾವೇ ಮಣ್ಣು ಹಾಕಿಕೊಂಡಂತೆ. ಸಂದೇಶ ಬಂದ ಕೂಡಲೇ ಕಳಿಸದೆ, ಇದನ್ನು ಸರ್ಕಾರದ ಇಲಾಖೆ ಹೇಳಿದೆಯೇ, ವಿಶ್ವವಿದ್ಯಾಲಯ ಹೇಳಿದೆಯೇ, ಯಾವ ದಿನಾಂಕದ್ದು ಎಂದು ಹುಡುಕಿ ನೋಡಲು ಎಂಟನೇ ತರಗತಿಯ ಮಗುವಿಗೆ ಐದು ನಿಮಿಷ ಸಾಕು.

ಔಷಧದ ವಿಚಾರದಲ್ಲೂ ಹಾಗೆಯೇ. ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಹಚ್ಚುವ ವಿಧಾನವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ತನ್ನ ತಾಣದಲ್ಲಿ ಅಳತೆ ಸಮೇತ ಕೊಟ್ಟಿದೆ. ಹೇಳಿದವರು ಯಾರೆಂದು ಗೊತ್ತು, ಅಳತೆ ಗೊತ್ತು, ಆರಂಭದಲ್ಲೇ ಮಾಡಿದರೆ ಗುಣ ಕಾಣುತ್ತದೆ. ಮುಖವೇ ಕಾಣದವನೊಬ್ಬ ವಿಡಿಯೊದಲ್ಲಿ ಮನುಷ್ಯರ ನೋವಿನ ಮಾತ್ರೆಯನ್ನೋ ಯಾವುದೋ ಇಂಜೆಕ್ಷನ್ನನ್ನೋ ಹೇಳಿದರೆ ಅದು ಬೇರೆ ಕಥೆ. ಹಸು ಹೋದರೆ ಅವನು ಬಂದು ಕೊಡುವುದಿಲ್ಲ. ಅಂಥ ಹೊತ್ತಿನಲ್ಲಿ 1962ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಈಗೀಗ ಪ್ರಶ್ನೆ ಕೇಳಿದರೆ ಕೃತಕ ಬುದ್ಧಿಮತ್ತೆಯೇ ಕನ್ನಡದಲ್ಲಿ ಥಟ್ಟನೆ ಉತ್ತರ ಕೊಡುತ್ತದೆ. ಮಕ್ಕಳಿಗೆ ವಿಷಯ ಬಿಡಿಸಿ ಹೇಳಲು ಅದು ಉಪಯುಕ್ತವೇ. ಆದರೆ ತಪ್ಪನ್ನೂ ಅಷ್ಟೇ ಠೀವಿಯಿಂದ ಹೇಳಿಬಿಡುತ್ತದೆ, ಔಷಧದ ಪ್ರಮಾಣಕ್ಕಂತೂ ಅದನ್ನು ನಂಬಬೇಡಿ.

ಹಣದ ಫೋನೂ ಮಕ್ಕಳ ಫೋನೂ ಒಂದೇ ಆಗಿರುವ ಮನೆಗಳೇ ಹೆಚ್ಚು. ಹಣ ಕಟ್ಟುವ ಪಿನ್ ಮಕ್ಕಳಿಗೆ ತಿಳಿಯದಿರಲಿ. ನಾನು ಹೇಳಿದ ಯಾವ ತಾಣವೂ ಬ್ಯಾಂಕಿನ ವಿವರ ಕೇಳುವುದಿಲ್ಲ. ಕೇಳಿತೆಂದರೆ ಅದು ನಾನು ಹೇಳಿದ ತಾಣವಲ್ಲ, ಆ ಹೆಸರಿನ ಕಳ್ಳತಾಣ. ಖಾತೆಯಿಂದ ಹಣ ಹೋದದ್ದು ಕಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಗಂಟೆಗಳು ಕಳೆದಷ್ಟೂ ಹಣ ಸಿಗುವುದು ಕಷ್ಟ.

ಫೋನಿಲ್ಲದವರು, ನೆಟ್‌ವರ್ಕ್ ಸಿಗದ ಊರಿನವರು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ವಿಚಾರಿಸಿ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಅನೇಕ ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಕಂಪ್ಯೂಟರ್ ಇದ್ದೂ ಮೇಲೆ ಬಟ್ಟೆ ಹೊದಿಸಿಟ್ಟಿದ್ದರೆ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಮಾತನ್ನು ಗಂಡಸರಿಗೆ ಹೇಳಬೇಕು. ಬಹಳ ಮನೆಗಳಲ್ಲಿ ಫೋನ್ ಸಿಗುವುದು ಗಂಡುಮಗನಿಗೆ, ಸಗಣಿ ಬಾಚುವುದು ಹೆಣ್ಣುಮಗಳಿಗೆ. ಕ್ಯಾನ್ ಹೊತ್ತು ಡೇರಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಅರ್ಧ ಗಂಟೆ ಅವನಿಗೆ ಕೊಟ್ಟರೆ ಅರ್ಧ ಗಂಟೆ ಅವಳಿಗೂ ಕೊಡಿ, ಅಷ್ಟು ಹೊತ್ತು ಸಗಣಿಯನ್ನು ಅವನೇ ಬಾಚಲಿ.

ತಾಣಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಹಾಲು ಪರೀಕ್ಷೆಯ ಮೇಜಿನ ಪಕ್ಕದ ಗೋಡೆಗೆ ಅಂಟಿಸುತ್ತಾರೆ. ಬರೆಯಲು ಬಾರದವರು ಫೋನಿನಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಹೆಸರು ಹೇಳಿದರೂ ಹುಡುಕಿ ಕೊಡುತ್ತದೆ. ಮುಂದಿನ ಲಸಿಕಾ ಶಿಬಿರಕ್ಕೆ ರಾಸುಗಳ ಜೊತೆ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಕೊಳವೆಯ ಲ್ಯಾಕ್ಟೋಮೀಟರ್ ಮಾಡಿದವರು ಅದನ್ನೂ ತರಲಿ, ಸಂಘದ ಲ್ಯಾಕ್ಟೋಮೀಟರಿನ ಪಕ್ಕ ಒಂದೇ ಹಾಲಿನಲ್ಲಿ ಬಿಟ್ಟು ನೋಡೋಣ.