ಎಡಗಡೆಯ ಕನ್ನಡಿ



ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಜೋಪಾನವಾಗಿಟ್ಟುಕೊಂಡು ಇಂದಿಗೂ ಓಡಿಸುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸುತ್ತಾರೆ, ಸೀಟು ಹೊಲಿಸುತ್ತಾರೆ, ಬಂಪರಿಗೆ ಹೊಸ ಕ್ರೋಮ್ ಹಾಕಿಸುತ್ತಾರೆ. ಎಡಗಡೆಯ ಬಾಗಿಲಿಗೊಂದು ಕನ್ನಡಿ ಹಾಕಿಸಿ ಎಂದರೆ ಮಾತ್ರ ಹಿಂದೆಮುಂದೆ ನೋಡುತ್ತಾರೆ. ಕಾರ್ಖಾನೆಯಿಂದ ಬಂದಾಗ ಅದು ಇರಲಿಲ್ಲ, ಈಗ ತೂತು ಕೊರೆದು ಅಂದಗೆಡಿಸುವುದೇಕೆ ಎನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕಾರಿನ ಕನ್ನಡಿಯ ಚರಿತ್ರೆಯಲ್ಲಿದೆ.

ಮೊದಲ ಕಾರುಗಳಿಗೆ ಕನ್ನಡಿಯೇ ಇರಲಿಲ್ಲ. ತೆರೆದ ಗಾಡಿ, ನಿಧಾನದ ಓಟ. ಹಿಂದೆ ಯಾರಿದ್ದಾರೆಂದು ಕುತ್ತಿಗೆ ತಿರುಗಿಸಿ ನೋಡಿದರಾಯಿತು. 1909ರಲ್ಲಿ ಇಂಗ್ಲೆಂಡಿನ ರೇಸ್ ಚಾಲಕಿ ಡೊರೊಥಿ ಲೆವಿಟ್ ಹೆಂಗಸರಿಗಾಗಿ ಕಾರು ಓಡಿಸುವ ಕೈಪಿಡಿಯೊಂದನ್ನು ಬರೆದರು. ಕಾರಿನಲ್ಲಿ ಒಂದು ಕೈಗನ್ನಡಿ ಇಟ್ಟುಕೊಂಡಿರಿ, ಸಂಚಾರ ಹೆಚ್ಚಿರುವಲ್ಲಿ ಅದನ್ನು ಆಗಾಗ ಎತ್ತಿ ಹಿಡಿದು ಹಿಂದಿನ ದಾರಿ ನೋಡಿಕೊಳ್ಳಿ ಎಂದು ಅದರಲ್ಲಿ ಸಲಹೆ ಕೊಟ್ಟರು. ಇಂಥ ಕನ್ನಡಿಯನ್ನು ಕಾರಿಗೇ ಕೂರಿಸಬೇಕೆಂಬ ಯೋಚನೆ ಹೆಸರಾದದ್ದು ಅದಾದ ಎರಡು ವರ್ಷಕ್ಕೆ.

1911ರ ಮೇ 30. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಗಳ ಮೊದಲ ರೇಸು. 40 ಕಾರುಗಳು ಸಾಲಾಗಿ ನಿಂತಿದ್ದವು. ಆಗಿನ ರೇಸು ಕಾರುಗಳಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಯಂತ್ರವನ್ನು ಗಮನಿಸುವುದು, ಹಿಂದಿನಿಂದ ಯಾರು ನುಗ್ಗಿ ಬರುತ್ತಿದ್ದಾರೆಂದು ಹೇಳುವುದು ಅವನ ಕೆಲಸ. ರೇ ಹ್ಯಾರೂನ್ ಎಂಬ ಚಾಲಕನ ‘ಮಾರ್ಮನ್ ವಾಸ್ಪ್’ ಕಾರಿನಲ್ಲಿ ಸೀಟು ಒಂದೇ. ಹಿಂದೆ ನೋಡುವವರಿಲ್ಲದೆ ಇವನು ಓಡಿಸಿದರೆ ನಮಗೆಲ್ಲ ಅಪಾಯ ಎಂದು ಉಳಿದವರು ತಕರಾರು ತೆಗೆದರು. ಹ್ಯಾರೂನ್ ತನ್ನ ಮುಂದೆ ಕಂಬಿಗಳ ಮೇಲೆ ಒಂದು ಕನ್ನಡಿ ನಿಲ್ಲಿಸಿದ. ಗಂಟೆಗೆ ಸರಾಸರಿ 120 ಕಿಲೋಮೀಟರ್ ವೇಗದಲ್ಲಿ ಓಡಿ ರೇಸನ್ನೂ ಗೆದ್ದ. ಆದರೆ ಆ ಟ್ರ್ಯಾಕು ಇಟ್ಟಿಗೆ ಹಾಸಿದ್ದು. ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಲೇ ಇರಲಿಲ್ಲ ಎಂದು ಅವನೇ ಮುಂದೆ ಹೇಳಿಕೊಂಡ. ಈ ಮಾತನ್ನು ನೆನಪಿಡಿ. ಕನ್ನಡಿ ಕೂರಿಸುವ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

1921ರಲ್ಲಿ ಎಲ್ಮರ್ ಬರ್ಗರ್ ಎಂಬಾತ ಹಿನ್ನೋಟದ ಕನ್ನಡಿಗೆ ಪೇಟೆಂಟ್ ಪಡೆದು ಮಾರಾಟಕ್ಕಿಟ್ಟ. ಅದಕ್ಕೆ ಅವನಿಟ್ಟ ಹೆಸರು ‘ಕಾಪ್ ಸ್ಪಾಟರ್’. ವೇಗವಾಗಿ ಹೋಗುವವನ ಬೆನ್ನು ಹತ್ತಿದ ಪೊಲೀಸರನ್ನು ಮೊದಲೇ ಕಂಡುಕೊಳ್ಳುವ ಸಾಧನ ಎಂದು ಅರ್ಥ. ಅಂದರೆ, ರೇಸಿನಲ್ಲಿ ಎದುರಾಳಿಯನ್ನು ಕಾಣಲು ಬಂದ ಕನ್ನಡಿ ರಸ್ತೆಗೆ ಇಳಿದದ್ದು ಪೊಲೀಸರನ್ನು ಕಾಣಲು. ಚಾಲಕ ಯಾರಿಗೆ ಅಂಜುತ್ತಿದ್ದನೋ ಅವರಿಗಾಗಿ ಕನ್ನಡಿ ಹುಟ್ಟಿತು.

ಮೇಲೆ ಮುಚ್ಚಿಗೆ, ಹಿಂದೆ ಗಾಜು ಇರುವ ಕಾರುಗಳು ಬಂದಾಗ ಒಳಗನ್ನಡಿ ವಾಡಿಕೆಯಾಯಿತು. ಹೊರಗೊಂದು ಕನ್ನಡಿ ಬೇಕೆನಿಸಿದಾಗ ಅದು ಚಾಲಕನ ಬದಿಯಲ್ಲಿಯೇ ಬಂತು. ಕಾರಣ ಸರಳ. ಹಿಂದಿಕ್ಕುವ ವಾಹನ ಸಾಮಾನ್ಯವಾಗಿ ಬರುವುದು ಚಾಲಕನ ಬದಿಯಿಂದ ಎಂಬುದು ಬಹುತೇಕ ದೇಶಗಳ ರಸ್ತೆ ನಿಯಮ. ಜೊತೆಗೆ, ಆ ಕನ್ನಡಿಯಾದರೆ ಕಿಟಕಿಯಿಂದ ಕೈ ಚಾಚಿ ತಿರುಗಿಸಿಕೊಳ್ಳಬಹುದು; ಆಚೆ ಬದಿಯದು ಕೈಗೆ ಎಟುಕುವುದಿಲ್ಲ. ಕಾನೂನೂ ಹೀಗೇ ಯೋಚಿಸಿತು. ಅಮೆರಿಕದಲ್ಲಿ 1966ರ ವಾಹನ ಸುರಕ್ಷಾ ಕಾಯ್ದೆಯ ಬೆನ್ನಿಗೇ ಬಂದ ಮಾನದಂಡ 1968ರಲ್ಲಿ ಒಳಗನ್ನಡಿಯನ್ನೂ ಚಾಲಕನ ಬದಿಯ ಹೊರಗನ್ನಡಿಯನ್ನೂ ಕಡ್ಡಾಯ ಮಾಡಿತು. ಆಚೆ ಬದಿಯ ಕನ್ನಡಿ ಬೇಕಾದದ್ದು ಒಳಗನ್ನಡಿಯ ನೋಟ ಸಾಲದಿದ್ದರೆ ಮಾತ್ರ. ಜಪಾನಿನ ದಾರಿ ಬೇರೆ: 1983ರವರೆಗೆ ಅಲ್ಲಿನ ಕಾರುಗಳ ಕನ್ನಡಿಗಳು ಬಾಗಿಲಿನ ಮೇಲಲ್ಲ, ಮುಂದಿನ ಮಡ್‌ಗಾರ್ಡುಗಳ ಮೇಲೆ ಇರಬೇಕಿತ್ತು. ತಲೆ ಹೆಚ್ಚು ತಿರುಗಿಸದೆ ಎರಡೂ ಬದಿ ಕಾಣುತ್ತಿತ್ತು, ಆದರೆ ಕನ್ನಡಿ ಅಷ್ಟು ದೂರವಿದ್ದುದರಿಂದ ಬಿಂಬ ಚಿಕ್ಕದಾಗಿ ಕಾಣುತ್ತಿತ್ತು.

ಇನ್ನು ನಮ್ಮ ನೆಲಕ್ಕೆ ಬರೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್, ಇಟಲಿಯ ಫಿಯೆಟ್ 1100 ಮಾದರಿಯಿಂದ ಬಂದ ಪದ್ಮಿನಿ, ಎರಡೂ ರೂಪುಗೊಂಡದ್ದು ಎಡಗನ್ನಡಿಯ ಯೋಚನೆ ಇಲ್ಲದ ಕಾಲದಲ್ಲಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಸಾದಾ ಮಾದರಿಗೂ ಎಡಗನ್ನಡಿ ಇರಲಿಲ್ಲ, ಬೇಕಾದವರು ಅಂಗಡಿಯಿಂದ ತಂದು ಹಾಕಿಸಿಕೊಂಡರು. 2009ರಲ್ಲಿ ಬಂದ ಟಾಟಾ ನ್ಯಾನೋಗೂ ಮೊದಲು ಇದ್ದದ್ದು ಬಲಗಡೆಯ ಒಂದೇ ಕನ್ನಡಿ. ಬೆಲೆ ತಗ್ಗಿಸಬೇಕು ಎಂದಾಗ ಮೊದಲು ಕೈಬಿಟ್ಟುಹೋಗುತ್ತಿದ್ದ ವಸ್ತುಗಳಲ್ಲಿ ಎಡಗನ್ನಡಿಯೂ ಒಂದು.

ಎಡಬದಿಯನ್ನು ನೋಡುವ ಕೆಲಸ ಮಾತ್ರ ಯಾವತ್ತೂ ಇದ್ದೇ ಇತ್ತು. ಆ ಕೆಲಸವನ್ನು ಮನುಷ್ಯರು ಮಾಡುತ್ತಿದ್ದರು. ಲಾರಿಯ ಕ್ಲೀನರ್ ಎಡಗಡೆಯ ಕಿಟಕಿಯಿಂದ ತಲೆ ಹೊರಹಾಕಿ ಬಾಗಿಲು ತಟ್ಟುತ್ತಿದ್ದ. ಬಸ್ಸಿನ ಕಂಡಕ್ಟರ್ ‘ಹೋಲ್ಡಾನ್’ ಎಂದರೆ ನಿಲ್ಲಬೇಕು, ‘ರೈಟ್ ರೈಟ್’ ಎಂದರೆ ಹೊರಡಬೇಕು. ಕಾರಿನಲ್ಲಾದರೆ ಪಕ್ಕದ ಸೀಟಿನವರು ಕತ್ತು ಹೊರಳಿಸಿ ‘ಬನ್ನಿ, ಬನ್ನಿ’ ಎನ್ನುತ್ತಿದ್ದರು. ಇಂಡಿಯಾನಾಪೊಲಿಸ್‌ನ ಮೆಕ್ಯಾನಿಕ್ ಮಾಡುತ್ತಿದ್ದುದೂ ಇದನ್ನೇ. ಈಗ ಬಹುತೇಕ ಕಾರುಗಳಲ್ಲಿ ಚಾಲಕ ಒಬ್ಬನೇ.

ನಮ್ಮ ರಸ್ತೆಯ ಎಡಬದಿಯಲ್ಲಿ ಯಾರಿರುತ್ತಾರೆ ಎಂದು ಯೋಚಿಸಿ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳು, ತರಕಾರಿ ಗಾಡಿ ತಳ್ಳುವವರು, ಬಸ್ಸಿಳಿದು ನಡೆದು ಹೋಗುವವರು, ಕಾರಿಗೂ ಕಾಲುದಾರಿಗೂ ನಡುವಿನ ಸಂದಿನಲ್ಲಿ ತೂರಿ ಬರುವ ಸ್ಕೂಟರಿನವರು. ಇವರಲ್ಲಿ ಯಾರಿಂದಲೂ ಕಾರಿನ ಚಾಲಕನಿಗೆ ಅಪಾಯವಿಲ್ಲ. ಅಪಾಯ ಇರುವುದು ಅವನಿಂದ ಅವರಿಗೆ. ಹಿಂದಿನ ಕನ್ನಡಿಗಳು ಚಾಲಕ ಅಂಜಬೇಕಾದವರನ್ನು ತೋರಿಸಿದವು. ಎಡಗನ್ನಡಿ ತೋರಿಸುವುದು ಅವನಿಗೆ ಅಂಜಬೇಕಾದವರನ್ನು. ಅದು ತಡವಾಗಿ ಬಂದದ್ದಕ್ಕೂ ಇದೇ ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ಸರಿ, ಹಾಕಿಸುವುದು ಎಂದಾದರೆ ಎಂಥ ಕನ್ನಡಿ? 15 ಸೆಂಟಿಮೀಟರ್ ಅಗಲದ ಚಪ್ಪಟೆ ಕನ್ನಡಿ ಚಾಲಕನ ಬದಿಯಲ್ಲಿ, ಕಣ್ಣಿಗೆ 60 ಸೆಂಟಿಮೀಟರ್ ದೂರದಲ್ಲಿದ್ದರೆ, ಸುಮಾರು 14 ಡಿಗ್ರಿಯಷ್ಟು ಹರವು ತೋರಿಸುತ್ತದೆ. ಅದನ್ನೇ ಎಡಬಾಗಿಲಿಗೆ ಹಾಕಿದರೆ ಕಣ್ಣಿನಿಂದ ದೂರ 130 ಸೆಂಟಿಮೀಟರ್ ಆಗಿ, ಹರವು ಏಳು ಡಿಗ್ರಿಗೂ ಕಡಿಮೆಯಾಗುತ್ತದೆ. ಉಬ್ಬು ಕನ್ನಡಿಯಾದರೆ ಅಷ್ಟೇ ಅಗಲದಲ್ಲಿ ಸುಮಾರು 20 ಡಿಗ್ರಿ ಸಿಗುತ್ತದೆ. ಆದ್ದರಿಂದ ಎಡಗಡೆಗೆ ಉಬ್ಬು ಕನ್ನಡಿಯೇ ಸರಿ. ಆದರೆ ಅದಕ್ಕೆ ತೆರಬೇಕಾದ ಬೆಲೆಯೊಂದಿದೆ. ಉಬ್ಬಿನ ತ್ರಿಜ್ಯ 1,200 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 10 ಮೀಟರ್ ಹಿಂದಿರುವ ಸ್ಕೂಟರ್ ಚಪ್ಪಟೆ ಕನ್ನಡಿಯಲ್ಲಿ ಕಾಣುವುದರ ಮೂರನೇ ಒಂದು ಪಾಲಿನಷ್ಟೇ ಕಾಣುತ್ತದೆ. 30 ಮೀಟರಿಗೂ ಆಚೆ ಇದೆಯಲ್ಲ, ತಿರುಗಬಹುದು ಎಂದು ಮನಸ್ಸು ಹೇಳುತ್ತದೆ. ಕನ್ನಡಿಯಲ್ಲಿ ಕಾಣುವ ವಸ್ತುಗಳು ತೋರುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯನ್ನು ಗಾಜಿನ ಮೇಲೆ ಕೆತ್ತುವುದು ಇದಕ್ಕಾಗಿಯೇ. ಎಡಗನ್ನಡಿ ಯಾರೋ ಇದ್ದಾರೆ ಎಂದು ತಿಳಿಸುತ್ತದೆ. ಎಷ್ಟು ದೂರದಲ್ಲಿದ್ದಾರೆ ಎಂಬುದಕ್ಕೆ ಒಳಗನ್ನಡಿಯನ್ನೂ ನೋಡಬೇಕು.

ಕೂರಿಸುವಾಗ ಅವಸರ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಬಲಗನ್ನಡಿಗೆ ಹೊಂದುವ ಜೋಡಿಯನ್ನು ಹುಡುಕಿ. ನೀವು ಚಾಲಕನ ಸೀಟಿನಲ್ಲಿ ಕೂತು, ಇನ್ನೊಬ್ಬರು ಹೊರಗೆ ಕನ್ನಡಿ ಹಿಡಿದು ಬಾಗಿಲ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಸಲಿ. ಹಳೆಯ ಕಾರುಗಳ ಮುಂಬಾಗಿಲಲ್ಲಿ ಗಾಳಿಗಾಗಿ ತಿರುಗುವ ಪುಟ್ಟ ತ್ರಿಕೋನ ಗಾಜು, ಅದರ ಹಿಂದೊಂದು ನಿಲುಪಟ್ಟಿ ಇರುತ್ತವೆ. ಕನ್ನಡಿ ಆ ಪಟ್ಟಿಯ ಮರೆಗಾಗಲಿ, ಮುಂಗಾಜಿನ ಕಂಬದ ಮರೆಗಾಗಲಿ ಬೀಳಬಾರದು. ಬಾಗಿಲಿನ ಒಳಹೊದಿಕೆ ಬಿಚ್ಚಿ, ಕಿಟಕಿಯ ಗಾಜು ಪೂರ್ತಿ ಇಳಿಸಿ, ಸ್ಕ್ರೂ ಅದಕ್ಕೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಡ್ರಿಲ್ ಹಿಡಿಯಬೇಕು. ಕೊರೆದ ತೂತಿನ ಅಂಚಿಗೆ ಪ್ರೈಮರ್ ಹಚ್ಚದಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಶುರು. ಕನ್ನಡಿಯ ಬುಡಕ್ಕೆ ರಬ್ಬರು, ತಗಡಿನ ಒಳಮೈಗೆ ಒಂದು ಗಟ್ಟಿ ಪಟ್ಟಿ ಕೊಡಿ. ಇಲ್ಲವಾದರೆ ತೆಳು ತಗಡು ಅದುರಿ, ಹ್ಯಾರೂನ್‌ಗೆ ಆದದ್ದೇ ನಿಮಗೂ ಆಗುತ್ತದೆ.

ಹೊಂದಿಸುವ ಬಗೆಯನ್ನು 1995ರಲ್ಲಿ ಜಾರ್ಜ್ ಪ್ಲಾಟ್ಜರ್ ಎಂಬ ಅಮೆರಿಕದ ಎಂಜಿನಿಯರ್ ಚೆನ್ನಾಗಿ ವಿವರಿಸಿದರು. ತಲೆಯನ್ನು ಕಾರಿನ ನಡುವಿಗೆ ವಾಲಿಸಿ, ಅಲ್ಲಿಂದ ನೋಡಿದಾಗ ಕಾರಿನ ಎಡಮೈ ಕನ್ನಡಿಯ ಅಂಚಿನಲ್ಲಿ ಆಗಷ್ಟೇ ಕಾಣುವಂತೆ ತಿರುಗಿಸಿ. ನೆಟ್ಟಗೆ ಕೂತಾಗ ನಿಮ್ಮದೇ ಕಾರು ಮರೆಯಾಗಿ ಪಕ್ಕದ ದಾರಿ ತುಂಬ ಕಾಣುತ್ತದೆ.

ಇನ್ನು ಮೂಲರೂಪದ ಪ್ರಶ್ನೆ. ನಮ್ಮ ದೇಶದ 2021ರ ನಿಯಮಗಳು 50 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡಿರುವ ವಾಹನಗಳಿಗೆ ವಿಂಟೇಜ್ ಎಂಬ ಮನ್ನಣೆ ಕೊಡುತ್ತವೆ. ಅಂಥ ಕಾರಿಗೆ ತೂತು ಕೊರೆಯಲು ಮನಸ್ಸಾಗದಿದ್ದರೆ, ಬಾಗಿಲಿನ ಅಂಚಿಗೆ ಕಚ್ಚಿಸುವ ಕ್ಲ್ಯಾಂಪ್ ಕನ್ನಡಿಗಳಿವೆ; ಪ್ರದರ್ಶನದ ದಿನ ಬಿಚ್ಚಿಡಬಹುದು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ನಿಂತ ಕಾರು ಹೇಗಿತ್ತೋ ಹಾಗೇ ಇರಲಿ. ಅದು ನಮ್ಮ ಮಕ್ಕಳು ನೋಡಿ ಕಲಿಯಬೇಕಾದ ದಾಖಲೆ. ಆದರೆ ಬೀದಿಗಿಳಿದ ಕಾರು, ಎಷ್ಟೇ ಹಳೆಯದಿರಲಿ, ಇವತ್ತಿನ ಬೀದಿಯ ಜನರಿಗೆ ಉತ್ತರ ಹೇಳಬೇಕು. ಅವರಲ್ಲಿ ಯಾರೂ ಅದರ ಮೂಲರೂಪಕ್ಕಾಗಿ ಕೈಕಾಲು ಕಳೆದುಕೊಳ್ಳಬಾರದು. ಹಳೆಯ ಕಾರನ್ನು ಪ್ರೀತಿಸುವ ಪ್ರತಿಯೊಬ್ಬರೂ ಈ ತಿಂಗಳೇ ಎಡಗನ್ನಡಿ ಹಾಕಿಸಿ, ಎಡಕ್ಕೆ ತಿರುಗುವ ಮುನ್ನ ಪ್ರತಿ ಸಲವೂ ಅದನ್ನು ನೋಡಿ ಎಂದು ಕೇಳಿಕೊಳ್ಳುತ್ತೇನೆ.